1083ರ ಲೆಕ್ಕ

ರಜೆಗೆ ಬಂದಿದ್ದ ಮಗಳು ಊಟದ ಮೇಜಿನ ಮೇಲೆ ಎರಡು ರೆಕಾರ್ಡ್ ಪುಸ್ತಕ ಹರಡಿಕೊಂಡು ಒಂದರಿಂದ ಇನ್ನೊಂದಕ್ಕೆ ಇಳಿಸುತ್ತಿದ್ದಳು. ಇಂಜಿನಿಯರಿಂಗ್ ಮೂರನೇ ವರ್ಷ. ಒಂದು ಅವಳದು, ಇನ್ನೊಂದು ಅವಳ ಸೀನಿಯರ್ ಹುಡುಗಿಯದು. 'ಇದೇನಮ್ಮ, ರೀಡಿಂಗ್ ಕೂಡ ಅವಳದೇನಾ?' ಎಂದೆ. ಅವಳು ತಲೆ ಎತ್ತಲಿಲ್ಲ. 'ಎಲ್ಲರೂ ಹಿಂಗೇ ಬರೆಯೋದು ಬಿಡಪ್ಪ. ನಾವು ಮಾಡಿದರೆ ಗ್ರಾಫ್ ನೆಟ್ಟಗೆ ಬರಲ್ಲ' ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟರ ಮಗಳು! ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನಾಕೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ನಾನು ಯಾಕೆ ಬಾಯಿ ಮುಚ್ಚಿಕೊಂಡೆನೆಂಬುದು ಅವಳಿಗೆ ಗೊತ್ತು.

ನಾನು ಮೈಸೂರಿಗೆ ಬಿಎಸ್ಸಿ ಓದಲು ಬಂದದ್ದು 1988ರಲ್ಲಿ. ನಾಗಮಂಗಲದ ಕಡೆಯ ಹಳ್ಳಿ ನಮ್ಮದು. ಅಪ್ಪ ಒಂದು ಎಮ್ಮೆ ಮಾರಿ ಫೀಸು ಕಟ್ಟಿದ್ದ. ಪಿಸಿಎಂ ತೆಗೆದುಕೊಂಡರೆ ಏನಾಗುತ್ತಾರೆ ಎಂಬುದು ಅಪ್ಪನಿಗೂ ತಿಳಿಯದು, ನನಗೂ ತಿಳಿಯದು. ಅಗ್ರಹಾರದಲ್ಲಿ ಒಂದು ರೂಮು, ಒಂದು ಸೀಮೆಎಣ್ಣೆ ಸ್ಟವ್, ಜೊತೆಗೆ ಪಿರಿಯಾಪಟ್ಟಣದ ಕಡೆಯ ಒಬ್ಬ ಗೆಳೆಯ. ಅವನು ಅನ್ನ ಮಾಡಿದರೆ ನಾನು ಸಾರು. ಭಾನುವಾರ ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ, ಮಾನಸಗಂಗೋತ್ರಿಯ ಕಡೆ ಕೈ ತೋರಿಸಿ 'ಇನ್ನು ಮೂರು ವರ್ಷ ಕಣೋ, ಆಮೇಲೆ ಎಮ್ಮೆಸ್ಸಿ ಅಲ್ಲೇ' ಎಂದು ಅವನು ಹೇಳುತ್ತಿದ್ದ. ನಮ್ಮಿಬ್ಬರಲ್ಲಿ ಬುದ್ಧಿವಂತ ಅವನೇ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ನನ್ನ ಗಣಿತವನ್ನೆಲ್ಲ ಬಿಡಿಸಿಕೊಡುತ್ತಿದ್ದವನು ಅವನು.

ಮೊದಲ ವರ್ಷದ ಭೌತಶಾಸ್ತ್ರದ ಲ್ಯಾಬಿನಲ್ಲಿ ಬಾರ್ ಪೆಂಡುಲಂ ಎಂಬ ಪ್ರಯೋಗ. ಉದ್ದಕ್ಕೂ ತೂತುಗಳಿರುವ ಒಂದು ಲೋಹದ ಪಟ್ಟಿ. ಒಂದೊಂದು ತೂತಿಗೂ ನೇತುಹಾಕಿ ತೂಗಿಬಿಡಬೇಕು, 20 ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ಸ್ಟಾಪ್‌ವಾಚ್ ಹಿಡಿದು ನೋಡಬೇಕು, ಗ್ರಾಫ್ ಎಳೆದು ಗುರುತ್ವದ ಬೆಲೆ 'ಜಿ' ಕಂಡುಹಿಡಿಯಬೇಕು. ಉತ್ತರ ಎಲ್ಲರಿಗೂ ಮೊದಲೇ ಗೊತ್ತು: 980. ಎಣಿಸುವ ಕೆಲಸ ನನ್ನದು, ವಾಚು ಒತ್ತುವ ಕೆಲಸ ಅವನದು. ಪಟ್ಟಿಯನ್ನು ಬಿಟ್ಟ ಕೂಡಲೇ ನಾನು 'ಒಂದು' ಎನ್ನುತ್ತಿದ್ದೆ, ಅವನು ವಾಚು ಒತ್ತುತ್ತಿದ್ದ. 'ಇಪ್ಪತ್ತು' ಎಂದಾಗ ನಿಲ್ಲಿಸುತ್ತಿದ್ದ. ಲಾಗ್ ಟೇಬಲ್ ಹಿಡಿದು ಲೆಕ್ಕ ಮಾಡಿದರೆ ನಮಗೆ ಬರುತ್ತಿದ್ದುದು 1083. ಇನ್ನೊಮ್ಮೆ ಮಾಡಿದರೂ ಅಷ್ಟೇ, ಒಂದೆರಡು ಆಚೀಚೆ. ಯಾಕೆಂದು ಕೇಳಲು ಹೆದರಿಕೆ. ಸೀನಿಯರ್ ಒಬ್ಬರ ರೆಕಾರ್ಡ್ ತಂದು ಇಳಿಸಿದೆವು. ಸಹಿಯೂ ಬಿತ್ತು.

ಪರೀಕ್ಷೆಯ ದಿನ ಚೀಟಿ ಎತ್ತಿದರೆ ಇಬ್ಬರಿಗೂ ಅದೇ ಬಾರ್ ಪೆಂಡುಲಂ. ಲ್ಯಾಬಿನಲ್ಲಿ ಎರಡು ಸೆಟ್ ಇದ್ದವು. ಆ ಮೂಲೆಯಲ್ಲಿ ಅವನು, ಈ ಮೂಲೆಯಲ್ಲಿ ನಾನು. ನನಗೆ ಬಂದದ್ದು ಅದೇ ಸುಡುಗಾಡು 1083. 980 ಬರಬೇಕಾದರೆ ಸೆಕೆಂಡು ಎಷ್ಟಿರಬೇಕು ಎಂದು ಹಿಂದಿನಿಂದ ಲೆಕ್ಕ ಹಾಕಿದೆ. ಪ್ರತಿ ರೀಡಿಂಗಿಗೂ ಅಷ್ಟಷ್ಟು ಸೇರಿಸಿದೆ, ಅನುಮಾನ ಬಾರದಿರಲೆಂದು ಒಂದೆರಡು ಕಡೆ ಸ್ವಲ್ಪ ಸೊಟ್ಟವನ್ನೂ ಬರೆದೆ. ಉತ್ತರ 979.6. ಅವನು ತನಗೆ ಬಂದದ್ದನ್ನೇ ಬರೆದ. ಹೊರಗಿನಿಂದ ಬಂದಿದ್ದ ಪರೀಕ್ಷಕರು 'ಏನಯ್ಯಾ, ನೀನೇನು ಬೇರೆ ಗ್ರಹದಲ್ಲಿ ಪ್ರಯೋಗ ಮಾಡಿದೆಯಾ?' ಎಂದು ಗಟ್ಟಿಯಾಗಿ ಕೇಳಿದರು. ಇಡೀ ಲ್ಯಾಬು ನಕ್ಕಿತು. ನಾನೂ ನಕ್ಕೆ.

ನನಗೆ 50ಕ್ಕೆ 46, ಅವನಿಗೆ 24. ಮೂರು ವರ್ಷ ಮುಗಿದಾಗ ಒಟ್ಟು ಅಂಕಗಳಲ್ಲಿ ಅವನಿಗೆ ಫಸ್ಟ್ ಕ್ಲಾಸ್ ತಪ್ಪಿದ್ದು 9 ಅಂಕಗಳಿಂದ, ನನಗೆ ಸಿಕ್ಕಿದ್ದು 11 ಅಂಕಗಳಿಂದ. ಕೂಡಿ ಕಳೆಯುವುದನ್ನು ಓದುಗರಿಗೇ ಬಿಡುತ್ತೇನೆ. 1991ರ ಬೇಸಿಗೆಯಲ್ಲಿ ಅವನು ಹಾಸಿಗೆ ಸುತ್ತಿಕೊಂಡು ಊರಿಗೆ ಹೋದ, ಅಪ್ಪನ ಜೊತೆ ಹೊಗೆಸೊಪ್ಪು ಬೆಳೆಯಲು. ನಾನು ಬಿಎಡ್ ಸೇರಿದೆ. ಎಮ್ಮೆಸ್ಸಿ ನನಗೂ ಆಗಲಿಲ್ಲ, ತಮ್ಮನ ಓದು ಬಾಕಿಯಿತ್ತು.

ಆಮೇಲಿನದು ಎಲ್ಲ ಮೇಷ್ಟರುಗಳ ಕಥೆ. ಹುಣಸೂರು ತಾಲ್ಲೂಕಿನ ಒಂದು ಖಾಸಗಿ ಪ್ರೌಢಶಾಲೆ, ತಿಂಗಳಿಗೆ 700 ರೂಪಾಯಿ, ಅನುದಾನ ಬರುವವರೆಗೆ ನಾಲ್ಕು ವರ್ಷ ಅದೇ. ಪ್ರಯೋಗಾಲಯವೆಂದರೆ ಒಂದು ಬೀರು, ಅದರ ಬೀಗದ ಕೈ ಹೆಡ್ಮಾಸ್ಟರ ಬಳಿ. 1998ರಲ್ಲಿ ಮದುವೆ. 'ಹುಡುಗ ಬಿಎಸ್ಸಿ ಫಸ್ಟ್ ಕ್ಲಾಸು' ಎಂದು ನಮ್ಮ ಮಾವ ಛತ್ರದಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಪ್ರತಿ ಸಲವೂ ನನಗೆ ಪೇಟ ಸ್ವಲ್ಪ ಬಿಗಿಯಾದಂತೆ ಅನಿಸುತ್ತಿತ್ತು.

2009ರ ಜುಲೈ ಇರಬೇಕು. ಒಂಬತ್ತನೇ ತರಗತಿಯಲ್ಲಿ ಲೋಲಕದ ಪಾಠ. ಬೀರು ನಂಬಿಕೊಂಡರೆ ಆಗುವುದಿಲ್ಲವೆಂದು ದಾರಕ್ಕೆ ಕಲ್ಲು ಕಟ್ಟಿ ಕಿಟಕಿಯ ಸರಳಿಗೆ ತೂಗಿಬಿಟ್ಟಿದ್ದೆ. ಕಲ್ಲನ್ನು ಬಿಟ್ಟು 'ಒಂದು' ಎಂದೆ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಂದು ಹುಡುಗಿ, ಯಾವಾಗಲೂ ಮಾತಾಡದವಳು, ಎದ್ದು ನಿಂತಳು. 'ಸಾರ್, ಬಿಟ್ಟ ತಕ್ಷಣ ಒಂದು ಅಂದ್ರೆ ಹೆಂಗೆ? ಅದಿನ್ನೂ ಹೋಗೇ ಇಲ್ಲ. ಹೋಗಿ ವಾಪಸ್ ಬಂದ ಮೇಲಲ್ವಾ ಒಂದು? ಮಗು ಹುಟ್ಟಿದ ದಿನಾನೇ ಒಂದು ವರ್ಷ ಅಂತೀವಾ?'

ತರಗತಿ ನಕ್ಕಿತು. ನನಗೆ ಮಾತ್ರ ಕಾಲಿನ ಕೆಳಗಿನ ನೆಲ ಸ್ವಲ್ಪ ಜಾರಿದಂತಾಯಿತು. ಬಿಟ್ಟಾಗ ಸೊನ್ನೆ ಎನ್ನಬೇಕು! ಒಂದು ಎಂದರೆ ನಡೆಯುವುದು 19 ತೂಗಾಟ, ಬರೆಯುವುದು 20. ಕಾಲ ನೂರಕ್ಕೆ ಐದು ಪಾಲು ಕಡಿಮೆಯಾಗುತ್ತದೆ, ಸೂತ್ರದಲ್ಲಿ ಅದರ ವರ್ಗದಿಂದ ಭಾಗಿಸಬೇಕಾದ್ದರಿಂದ ಉತ್ತರ ಹತ್ತಿರ ಹತ್ತಿರ ಹನ್ನೊಂದು ಪಾಲು ಹೆಚ್ಚುತ್ತದೆ. ಅಲ್ಲೇ ಕರಿಹಲಗೆಯ ಮೂಲೆಯಲ್ಲಿ ಹಾಕಿ ನೋಡಿದೆ. ಮೈಸೂರಿನ ಕಡೆ 'ಜಿ' ನಿಜಕ್ಕೂ ಇರುವುದು 978ರ ಆಸುಪಾಸು, 980 ಅಲ್ಲ. ಅದನ್ನು 0.95ರ ವರ್ಗದಿಂದ ಭಾಗಿಸಿದರೆ 1083 ಮತ್ತು ಚಿಲ್ಲರೆ. ಇಪ್ಪತ್ತು ವರ್ಷದ ಹಿಂದಿನ ನನ್ನ 'ಒಂದು' ಅಲ್ಲಿ ಬಿಳಿಸುಣ್ಣದಲ್ಲಿ ಕೂತಿತ್ತು. ನನ್ನ ಗೆಳೆಯನ ಕೈ ತಪ್ಪಿರಲಿಲ್ಲ, ಅವನು ವಾಚನ್ನು ಸರಿಯಾಗಿಯೇ ಒತ್ತಿದ್ದ. ಎಣಿಕೆ ಕಲಿಸಿದವನು ನಾನು.

ಈ ಲೋಲಕದ ವಿಷಯದಲ್ಲೇ ಒಂದು ಹಳೆಯ ಸಂಗತಿಯಿದೆ. ಜಾನ್ ರಿಶೇ ಎಂಬ ಫ್ರೆಂಚ್ ಖಗೋಳಜ್ಞ 1672ರಲ್ಲಿ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋಗಿದ್ದ. ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿದೆ ಎಂದು ಸುಮ್ಮನಾಗಬಹುದಿತ್ತು. ಅವನು ಬಂದದ್ದನ್ನು ಬಂದಂತೆ ಬರೆದ. ಭೂಮಿ ಸಮಭಾಜಕದ ಬಳಿ ಉಬ್ಬಿದೆ, ಅಲ್ಲಿ ಗುರುತ್ವ ತುಸು ಕಡಿಮೆ ಎಂಬ ವಾದಕ್ಕೆ ಮುಂದೆ ನ್ಯೂಟನ್ ಆಧಾರವಾಗಿ ಹಿಡಿದದ್ದು ಆ ಎರಡೂವರೆ ನಿಮಿಷವನ್ನೇ. ಈ ಕಥೆಯನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ರಸವತ್ತಾಗಿ ಹೇಳುತ್ತಿದ್ದೆ, ನಾಚಿಕೆಯಿಲ್ಲದೆ.

ಅಂದು ಮನೆಗೆ ಬಂದು ನನ್ನ ಬಿಎಸ್ಸಿ ರೆಕಾರ್ಡ್ ಹುಡುಕಿದೆ. ಅದು ಅಡುಗೆಮನೆಯಲ್ಲಿತ್ತು. ಎಡಗಡೆಯ ಖಾಲಿ ಪುಟಗಳಲ್ಲೆಲ್ಲ ನನ್ನಾಕೆ ಹಾಲಿನ ಲೆಕ್ಕ ಬರೆದಿದ್ದಳು. ಬಲಗಡೆ ನನ್ನ ಸುಳ್ಳು ರೀಡಿಂಗು, ಎಡಗಡೆ ಅವಳ ಅರ್ಧ ಲೀಟರು, ಮುಕ್ಕಾಲು ಲೀಟರು. ಎಲ್ಲವನ್ನೂ ಅವಳಿಗೆ ಹೇಳಿದೆ. ಕೇಳಿಕೊಂಡು, 'ನನಗೆ ಹೇಳಿದರೆ ಏನು ಬಂತು ರೀ? ಅವರಿಗೆ ಹೋಗಿ ಹೇಳಿ' ಎಂದಳು.

ಹೋಗಲು ಒಂದು ತಿಂಗಳು ಹಿಡಿಯಿತು. ಆಗಸ್ಟ್ ಕೊನೆ, ಹೊಗೆಸೊಪ್ಪು ಬೇಯಿಸುವ ಕಾಲ. ರಾತ್ರಿ ಎಂಟಕ್ಕೆ ನಾನು ತಲುಪಿದಾಗ ಅವನು ಬ್ಯಾರನ್ನಿನ ಮುಂದೆ ಕಂಬಳಿ ಹೊದ್ದು ಕೂತಿದ್ದ. ತಲೆ ನೆರೆತಿತ್ತು. ಹಸಿ ಎಲೆಯನ್ನು ಒಳಗೆ ನೇತುಹಾಕಿ, ಮೊದಲು ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ ಹಳದಿಯಾಗಲು ಬಿಟ್ಟು, ಆಮೇಲೆ ಮೆಲ್ಲಮೆಲ್ಲಗೆ ಏರಿಸಿ, ಕೊನೆಗೆ ಎಲೆಯ ನರ ಒಣಗಲು ನೂರ ಅರವತ್ತರವರೆಗೆ ಒಯ್ಯಬೇಕು. ಹಗಲು ರಾತ್ರಿ ಕಾಯಬೇಕು. ಗಂಟೆಗೊಮ್ಮೆ ಎದ್ದು ಥರ್ಮಾಮೀಟರ್ ನೋಡಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. 'ಇಲ್ಲಿ ಸುಳ್ಳು ರೀಡಿಂಗ್ ಬರೆದರೆ ನಾಳೆ ಸೊಪ್ಪು ಕಪ್ಪಾಗಿರುತ್ತೆ ಕಣೋ' ಎಂದು ನಕ್ಕ. ನಾನಿನ್ನೂ ಏನೂ ಹೇಳಿರಲಿಲ್ಲ. ಎದೆ ಧಸಕ್ಕೆಂದಿತು.

ಹೇಳಿದೆ. ಸೊನ್ನೆಯ ಲೆಕ್ಕ, ಆ ದಿನ ನಾನು ತಿದ್ದಿದ ಸೆಕೆಂಡುಗಳು, ನಾನೂ ನಕ್ಕದ್ದು, ಎಲ್ಲ. ಅವನು ಬೆಂಕಿಗೆ ಎರಡು ಸೌದೆ ಒಡ್ಡಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, 'ನನ್ನ ಕೈಗೆ ಸೈನ್ಸ್ ಹತ್ತಲ್ಲ ಅಂದ್ಕೊಂಡಿದ್ದೆ ಕಣೋ. ಅದಕ್ಕೇ ಬಿಎಡ್‌ಗೂ ಅರ್ಜಿ ಹಾಕಲಿಲ್ಲ' ಎಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವನ ಹೆಂಡತಿ ಮುದ್ದೆ ಬಡಿಸಿದರು. ಊಟದ ನಡುವೆ ಇದ್ದಕ್ಕಿದ್ದಂತೆ, 'ಅದಿರಲಿ, ನನ್ನ ಕ್ಲಾರ್ಕ್ಸ್ ಟೇಬಲ್ ತಗೊಂಡು ಹೋದೋನು ವಾಪಸ್ ಕೊಡಲೇ ಇಲ್ವಲ್ಲೋ' ಎಂದ. ಇಬ್ಬರೂ ನಕ್ಕೆವು. ರಾತ್ರಿಯೆಲ್ಲ ಬ್ಯಾರನ್ ಮುಂದೆ ಕೂತಿದ್ದೆವು. ಎರಡು ಗಂಟೆಯ ಸರದಿಯಲ್ಲಿ ಥರ್ಮಾಮೀಟರ್ ನೋಡಿ ಬಾಗಿಲ ಮೇಲೆ ಬರೆದವನು ನಾನು: 128.

ಇದಿಷ್ಟನ್ನೂ ಮಗಳಿಗೆ ಮೊನ್ನೆಯೇ ಮೊದಲ ಸಲ ಹೇಳಿದ್ದು. ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದಳು. 'ಸೋಮವಾರ ಸಬ್ಮಿಷನ್ ಇದೆ ಅಪ್ಪ' ಎಂದು ಮತ್ತೆ ಪೆನ್ನು ಎತ್ತಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿ, 'ಆ ಟೇಬಲ್ ಪುಸ್ತಕ ವಾಪಸ್ ಕೊಟ್ಯಾ?' ಎಂದು ಕೇಳಿದಳು.

ಇಲ್ಲ. ಅದಿನ್ನೂ ನನ್ನ ಕಪಾಟಿನಲ್ಲೇ ಇದೆ. ಮೊದಲ ಪುಟದಲ್ಲಿ ಅವನ ಹೆಸರು, ಕೆಳಗೆ 'ಪ್ರಥಮ ಬಿಎಸ್ಸಿ, 1988' ಎಂದಿದೆ.