ಸಾಲದ ಹೊಣೆ ಗುಂಪಿನದು, ಸೊತ್ತು ಯಾರದು?

2025ರ ಜನವರಿಯಲ್ಲಿ ನಂಜನಗೂಡು ತಾಲೂಕಿನ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿದ್ದಿತು. ಮೈಕ್ರೋಫೈನಾನ್ಸ್ ವಸೂಲಿಗಾರರ ಕಿರುಕುಳಕ್ಕೆ ಅಂಜಿ ಕುಟುಂಬಗಳು ಊರನ್ನೇ ತೊರೆದಿದ್ದವು. ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದೆಂದು ಸಾರಿತು. ಸ್ವಾಗತಾರ್ಹವೇ. ಆದರೆ ವಸೂಲಿಗಾರನ ಕೈ ಕಟ್ಟಿದ ಮಾತ್ರಕ್ಕೆ ಸಾಲ ಪಡೆದವಳ ಕೈಗೆ ಉದ್ಯೋಗ ಬಂದೀತೇ? ಮಹಿಳೆಯರನ್ನು ಗುಂಪುಗೂಡಿಸಿ, ಒಬ್ಬಳ ಸಾಲಕ್ಕೆ ಉಳಿದವರನ್ನು ಹೊಣೆಯಾಗಿಸಿ, ಅದನ್ನು ಸ್ವಾವಲಂಬನೆಯೆಂದು ಕರೆದವರು ಆ ಗುಂಪಿನ ಹೆಸರಲ್ಲಿರುವ ಒಂದೇ ಒಂದು ಸೊತ್ತನ್ನು ತೋರಿಸಲಿ. ಹೊರೆಯಷ್ಟೇ ಸಾಮೂಹಿಕ, ಬಡ್ಡಿಯ ಲಾಭ ಹಳ್ಳಿಯನ್ನೇ ಕಾಣದ ಹೂಡಿಕೆದಾರನದು.

ಅದೇ ಮೈಸೂರು ಜಿಲ್ಲೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಹಾಲಿನ ಡೇರಿಗಳ ಮುಂದೆ ಜನ ಸಾಲುಗಟ್ಟುತ್ತಾರೆ. ಎರಡು ಲೀಟರ್ ತಂದವಳಿಗೂ ಇಪ್ಪತ್ತು ಲೀಟರ್ ತಂದವನಿಗೂ ಅಳತೆ ಒಂದೇ. ಜಿಡ್ಡಿನಂಶ ಪರೀಕ್ಷಿಸಿ ಬೆಲೆ, ಲಾಭ ಉಳಿದರೆ ಬೋನಸ್. ಸಂಘ ಸದಸ್ಯರದು, ಹಸು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದಿಂದ ಈ ನಾಡು ಕಲಿತ ಪಾಠವಿದು.

ಸಹಕಾರ ಸಂಘವೆಂದರೆ ಊರ ಪ್ರಬಲರ ಜಹಗೀರು ಎಂಬ ಆಕ್ಷೇಪವಿದೆ. ಅದು ಪೂರ್ಣ ಸುಳ್ಳೂ ಅಲ್ಲ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರಿಗೆ ಒಪ್ಪಿಸಲಾಯಿತು. ಸದಸ್ಯರು ಲೆಕ್ಕ ಕೇಳಬೇಕೆಂಬುದಕ್ಕೆ ಇದು ಪುರಾವೆಯೇ ಹೊರತು, ಒಡೆತನವನ್ನೇ ಬಿಟ್ಟುಕೊಡಬೇಕೆಂಬುದಕ್ಕಲ್ಲ.

ಡೇರಿಯಲ್ಲಿ ಪಾಲು ಬೇಕಾದರೆ ಹಸು ಬೇಕು. ಅದನ್ನು ಕೊಳ್ಳಲಾಗದ ಭೂರಹಿತನಿಗೆ ನಾಲ್ಕು ಕುರಿಗಳೇ ಬಂಡವಾಳ. ಟಿ. ನರಸೀಪುರ ತಾಲೂಕಿನ ಬನ್ನೂರಿನ ಹೆಸರು ಹೊತ್ತ ಗಿಡ್ಡ ಕಾಲಿನ ಕುರಿಯ ಮಾಂಸದ ರುಚಿಯನ್ನು ನಮ್ಮ ಪಟ್ಟಣಗಳ ಕುಟುಂಬಗಳಿಗೆ ಪರಿಚಯಿಸಬೇಕಾಗಿಲ್ಲ. ಬಕ್ರೀದ್ ಬಂತೆಂದರೆ ಆ ಹೆಸರಿಗೇ ಹೆಚ್ಚಿನ ಹಣ ತೆರುತ್ತೇವೆ. ಸಾಕಿದವನೋ, ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಹಣ ಬೇಕಾದ ದಿನ ಮನೆಬಾಗಿಲಿಗೆ ಬಂದ ದಲ್ಲಾಳಿಯ ಕಣ್ಣಂದಾಜಿಗೆ ಕುರಿಯನ್ನು ಒಪ್ಪಿಸುತ್ತಾನೆ. ಹಾಲಿಗೆ ಸಿಕ್ಕ ತಕ್ಕಡಿ ಕುರಿಗೇಕೆ ಸಿಗಬಾರದು? ಆ ದಲ್ಲಾಳಿಗಳಲ್ಲಿ ನಮ್ಮವರೂ ಇದ್ದಾರೆಂಬ ಮುಜುಗರ ನಮ್ಮ ಬಾಯಿ ಕಟ್ಟಬೇಕಾಗಿಲ್ಲ.

ಪಶುಸಂಗೋಪನಾ ಇಲಾಖೆ ಹಳ್ಳಿಗೊಂದು ತಕ್ಕಡಿ ಕೊಡಲಿ, ಸಾಕುವವರು ಸಂಘ ಕಟ್ಟಲಿ. ಮೈಸೂರು, ಮಂಡ್ಯದ ಜಮಾಅತ್ ಸಮಿತಿಗಳು ಮುಂದಿನ ಬಕ್ರೀದ್‌ಗೆ ಬೇಕಾದ ಕುರಿಗಳ ಸಂಖ್ಯೆಯನ್ನು ಆರು ತಿಂಗಳ ಮೊದಲೇ ಆ ಸಂಘಗಳಿಗೆ ತಿಳಿಸಲಿ.