ಇಲಿಯ ಧೈರ್ಯ, ಮನುಷ್ಯನ ನೆಮ್ಮದಿ

ಕಳೆದ ವಾರ ಪರಿಚಿತ ಗುಮಾಸ್ತರೊಬ್ಬರು ನಮ್ಮ ಕಚೇರಿಗೆ ಬಂದು ಮೇಜಿನ ಮೇಲೊಂದು ಸೀಸೆಯನ್ನಿಟ್ಟರು. ರಾತ್ರಿ ಎದೆ ಡವಗುಟ್ಟುವುದಕ್ಕೂ ನಿದ್ರೆ ಬಾರದಿರುವುದಕ್ಕೂ ಬ್ರಾಹ್ಮಿಯ ಸಾರವೇ ಮದ್ದೆಂದು ಯಾರೋ ಕೊಡಿಸಿದ್ದರಂತೆ. ಚೀಟಿಯ ಮೇಲೆ “ಪ್ರಯೋಗಶಾಲೆಯಲ್ಲಿ ಸಿದ್ಧಪಟ್ಟದ್ದು” ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಪ್ರಯೋಗ ಯಾರ ಮೇಲೆ ನಡೆಯಿತೆಂದು ಕೇಳಿದೆವು. ಅವರಿಗೆ ತಿಳಿದಿರಲಿಲ್ಲ. ಇಂತಹ ಮಾತಿನ ಹಿಂದೆ ಇರುವುದು ಎಷ್ಟೋ ವೇಳೆ ಇಲಿ.

ಆ ಪರೀಕ್ಷೆಯ ಬಗೆಯನ್ನು ವಾಚಕರು ಅರಿತಿರುವುದು ಲೇಸು. ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರದಲ್ಲಿ, ಕೂಡುವ ಗುರುತಿನ ಆಕಾರದಲ್ಲಿ ನಾಲ್ಕು ತೋಳಿನ ಹಲಗೆ. ಎರಡು ತೋಳುಗಳಿಗೆ ಗೋಡೆಯುಂಟು, ಎರಡಕ್ಕಿಲ್ಲ. ಬಯಲಿಗೆ ಅಂಜುವ ಇಲಿ ಸಹಜವಾಗಿ ಗೋಡೆಯ ಮರೆ ಹಿಡಿಯುತ್ತದೆ. ಒಂದು ಗುಂಪಿಗೆ ಬರಿಯ ದ್ರವ, ಇನ್ನೊಂದಕ್ಕೆ ಡಯಜೆಪಾಮ್, ಮತ್ತೊಂದಕ್ಕೆ ಸಸ್ಯಸಾರವನ್ನು ಕೊಟ್ಟು, ಒಂದೊಂದನ್ನೂ ಹಲಗೆಯ ಮೇಲೆ 5 ನಿಮಿಷ ಬಿಟ್ಟು, ಬಯಲಿನ ತೋಳುಗಳಿಗೆ ಎಷ್ಟು ಸಲ ಬಂತು, ಎಷ್ಟು ಹೊತ್ತು ನಿಂತಿತು ಎಂದು ಎಣಿಸುತ್ತಾರೆ. ಅಂಜಿಕೆ ತಗ್ಗಿತೋ, ಮದ್ದು ಬರಿಯ ಚಟುವಟಿಕೆಯನ್ನು ಹೆಚ್ಚಿಸಿತೋ ಎಂದು ತಿಳಿಯಲು ಬೇರೆ ಪರೀಕ್ಷೆಯೂ ಬೇಕು. ಊರಿನ ಸಾಲ, ಚಾಳಿನ ಬಾಡಿಗೆಗಳ ಚಿಂತೆಯಂತೂ ಇಲಿಗಿಲ್ಲ.

ನಾವು ಇದನ್ನು ಹೀಯಾಳಿಸುವವರಲ್ಲ. ಸಸ್ಯದಲ್ಲಿ ಸತ್ತ್ವವಿರಬಲ್ಲದೆಂಬುದಕ್ಕೆ ಸರ್ಪಗಂಧವೇ ಸಾಕ್ಷಿ. ಇದೇ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು ಅದರ ಬೇರಿನಿಂದ ರೋಗಿಗಳ ರಕ್ತದೊತ್ತಡ ಇಳಿದುದನ್ನು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ಬೇರ್ಪಡಿಸಿದ ರಿಸರ್ಪಿನ್ ಚಿತ್ತವನ್ನು ಶಾಂತಗೊಳಿಸುವ ಔಷಧವಾಗಿ ಮನೋರೋಗದ ಆಸ್ಪತ್ರೆಗಳನ್ನು ಹೊಕ್ಕಿತು. ಆದರೆ ಅದನ್ನು ಸೇವಿಸಿದ ಕೆಲವರಿಗೆ ಖಿನ್ನತೆ ಕವಿದ ವರದಿಗಳೂ ಬಂದವು. ಖಿನ್ನತೆಯ ಆ ಮಾತನ್ನು ಹೇಳಿದವರು ರೋಗಿಗಳು; ಇಲಿ ಹೇಳಲಾರದು.

ಇನ್ನು ಲೆಕ್ಕ. ಗಲ್ಲಾದಲ್ಲಿ ಕುಳಿತು ಬೆಳೆದ ನಮಗೆ ಅದನ್ನು ನೋಡದೆ ಮನಸ್ಸು ನಿಲ್ಲದು. ಇಲಿಗೆ ದೇಹತೂಕದ ಕಿಲೋಗೆ 200 ಮಿಲಿಗ್ರಾಂ ಸಾರ ಕೊಟ್ಟರೆನ್ನಿ. 60 ಕಿಲೋ ತೂಗುವವನಿಗೆ ನೇರ ಗುಣಾಕಾರದಲ್ಲಿ 12 ಗ್ರಾಂ ಆಗುತ್ತದೆ. ದೇಹದ ಮೇಲ್ಮೈಯನ್ನು ಗಣಿಸುವ ರೂಢಿಯ ಸೂತ್ರದಂತೆ ಸುಮಾರು 2 ಗ್ರಾಂ. ಗುಮಾಸ್ತರ ಸೀಸೆಯ ಗುಳಿಗೆಯಲ್ಲಿದ್ದುದು 250 ಮಿಲಿಗ್ರಾಂ. ಅದೂ ಯಾವ ಬ್ರಾಹ್ಮಿ? ನೀರುಬ್ರಾಹ್ಮಿಗೂ ಆ ಹೆಸರುಂಟು, ನಾವು ತಂಬುಳಿ ಮಾಡುವ ಒಂದೆಲಗಕ್ಕೂ ಉಂಟು. ಎರಡೂ ಬೇರೆ ಬೇರೆ ಗಿಡಗಳು. ಚೀಟಿ ಈ ವಿಷಯದಲ್ಲಿ ಮೌನವಾಗಿತ್ತು.

ಇಷ್ಟೇ ಆಗಿದ್ದರೆ ಹಣ ಹೋಯಿತೆಂದು ಸುಮ್ಮನಿರಬಹುದಾಗಿತ್ತು. ಆದರೆ ಗುಮಾಸ್ತರು ಸೀಸೆಯನ್ನು ನಂಬಿ, ವೈದ್ಯರ ಅಪ್ಪಣೆಯಂತೆ ತಿಂಗಳುಗಟ್ಟಲೆ ಸೇವಿಸುತ್ತಿದ್ದ ಡಯಜೆಪಾಮ್ ಗುಳಿಗೆಯನ್ನು ಹಿಂದಿನ ದಿನವೇ ಥಟ್ಟನೆ ನಿಲ್ಲಿಸಿದ್ದರು! ಹಾಗೆ ಬಿಟ್ಟರೆ ಕಳವಳ ಇಮ್ಮಡಿಸುವುದುಂಟು, ಮೈ ಸೆಳೆತವೂ ಬರುವುದುಂಟು. ಬಿಡುವುದಾದರೆ ವೈದ್ಯರೇ ಸ್ವಲ್ಪಸ್ವಲ್ಪವಾಗಿ ಇಳಿಸಿ ಬಿಡಿಸತಕ್ಕದ್ದು. ನಾವು ಚಹಾ ತರಿಸಿ, ಅವರು ಅದನ್ನು ಮುಗಿಸುವಷ್ಟರಲ್ಲಿ ಆ ವೈದ್ಯರಿಗೆ ದೂರವಾಣಿ ಮಾಡಿದೆವು. ಅಂದು ಸಂಜೆಯೇ ಬರಹೇಳಿದರು. ಸೀಸೆಯನ್ನೂ ತರಬೇಕೆಂದರು.