ಜರಡಿ ಯಾರ ಕೈಯಲ್ಲಿರಬೇಕು?

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಇಂಜಿನಿಯರೊಬ್ಬರನ್ನು ಗುಂಪೊಂದು ಹೊಡೆದು ಕೊಂದಿತು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಹಂಚಿದ್ದೇ ಆ ಗೆಳೆಯರ ತಂಡದ ‘ಅಪರಾಧ’. ಮಕ್ಕಳ ಕಳ್ಳರು ಬರುತ್ತಿದ್ದಾರೆಂಬ ಸಂದೇಶವು ವಾಟ್ಸ್‌ಆ್ಯಪ್ ಮೂಲಕ ಅವರ ಕಾರಿಗಿಂತ ಮೊದಲೇ ಮುರ್ಕಿಯನ್ನು ತಲುಪಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪೆನಿಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಈ ಮಿತಿ ಸುಳ್ಳಿನ ವೇಗವನ್ನು ತಗ್ಗಿಸೀತೇ ಹೊರತು ಸುಳ್ಳನ್ನು ಗುರುತಿಸಲಾರದು.

ಹಾಗಾದರೆ ಜರಡಿ ಹಿಡಿಯಬೇಕಾದವರು ಯಾರು? ಕಂಪೆನಿಗಳೇ? ಮ್ಯಾನ್ಮಾರ್‌ನ ಅನುಭವ ನಮ್ಮ ಮುಂದಿದೆ. ರೋಹಿಂಗ್ಯಾ ಮುಸ್ಲಿಮರ ವಿರುದ್ಧ ಫೇಸ್‌ಬುಕ್‌ನಲ್ಲಿ ವರ್ಷಗಟ್ಟಲೆ ವಿಷ ಹರಿಯುತ್ತಿದ್ದಾಗ ಬರ್ಮೀ ಭಾಷೆ ಬಲ್ಲ ಪರಿಶೀಲಕರು ಅಲ್ಲಿ ಬೆರಳೆಣಿಕೆಯಷ್ಟಿದ್ದರು. 2017ರ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ಜನರು ಬಾಂಗ್ಲಾದೇಶಕ್ಕೆ ಪಲಾಯನ ಮಾಡಿದರು. ತಾನು ಸಾಕಷ್ಟು ಮಾಡಲಿಲ್ಲವೆಂದು ಕಂಪೆನಿ ಒಪ್ಪಿಕೊಂಡದ್ದು 2018ರ ನವೆಂಬರ್‌ನಲ್ಲಿ, ಎಲ್ಲವೂ ಮುಗಿದ ಮೇಲೆ.

ಸರಕಾರದ ಕೈಗೆ ಕೊಡೋಣವೇ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿಯು ಟೀಕಾಕಾರರನ್ನು ಬಂಧಿಸುವ ಅಸ್ತ್ರವಾದುದರಿಂದಲೇ ಸುಪ್ರೀಮ್ ಕೋರ್ಟು 2015ರಲ್ಲಿ ಅದನ್ನು ರದ್ದುಪಡಿಸಬೇಕಾಯಿತು. ತನ್ನ ಬಗೆಗಿನ ಸುದ್ದಿಯ ಸತ್ಯಾಸತ್ಯತೆಯನ್ನು ತಾನೇ ತೀರ್ಮಾನಿಸುವ ಕೇಂದ್ರ ಸರಕಾರದ ಘಟಕವನ್ನು 2024ರಲ್ಲಿ ಬಾಂಬೆ ಹೈಕೋರ್ಟು ಅಸಿಂಧುಗೊಳಿಸಿತು. ಆರೋಪಿಯೇ ನ್ಯಾಯಾಧೀಶನಾಗಬಾರದೆಂಬುದು ಸಾಮಾನ್ಯ ವಿವೇಕ.

ಕಂಪೆನಿ, ಸರಕಾರಗಳನ್ನು ಪ್ರಶ್ನಿಸುವ ನಾವು ನಮ್ಮ ಅಂಗಳವನ್ನೂ ನೋಡಬೇಕು. ಇಂದು ಗ್ರೂಪ್ ಇಲ್ಲದ ಜಮಾಅತ್ ವಿರಳ. ಅಲ್ಲಿ ಮರಣ ವಾರ್ತೆ, ರಕ್ತದಾನದ ಕರೆಯ ಜೊತೆಗೆ ಆಧಾರವಿಲ್ಲದ ಫತ್ವಾಗಳು, ಯಾವುದೋ ದೇಶದ ಹಳೆಯ ವೀಡಿಯೋಗಳು, ಹತ್ತು ಮಂದಿಗೆ ಕಳಿಸಿದರೆ ಪುಣ್ಯವೆಂಬ ಸಂದೇಶಗಳೂ ಹರಿದಾಡುತ್ತವೆ. ಸುದ್ದಿ ತಂದವನು ನಂಬಲರ್ಹನಲ್ಲದಿದ್ದರೆ ಪರಿಶೀಲಿಸಿ, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡುವಿರಿ ಎಂಬುದು ಸೂರಃ ಅಲ್ ಹುಜುರಾತ್‌ನ ಪಾಠ. ಈ ಪಾಠವೇ ಹದೀಸ್ ಶಾಸ್ತ್ರದಲ್ಲಿ ಒಂದು ಶಿಸ್ತಾಯಿತು. ಮಾತು ಎಷ್ಟೇ ಸುಂದರವಾಗಿರಲಿ, ವಿದ್ವಾಂಸರು ಮೊದಲು ಸನದನ್ನು ಕೇಳಿದರು: ಹೇಳಿದವನು ಯಾರು, ಅವನು ಕೇಳಿದ್ದು ಯಾರಿಂದ, ಅವರಿಬ್ಬರೂ ಭೇಟಿಯಾಗಿರಲು ಸಾಧ್ಯವೇ, ಅವನ ನೆನಪು ಗಟ್ಟಿಯೇ? ಧರ್ಮನಿಷ್ಠನಾದರೂ ಮರೆಗುಳಿಯಾದವನ ವರದಿಯನ್ನು ದುರ್ಬಲವೆಂದರು. ಇಂಥ ಪರಂಪರೆಯ ವಾರಸುದಾರರು ಹೆಸರು, ದಿನಾಂಕ ಇಲ್ಲದ ಸಂದೇಶವನ್ನು ಕಣ್ಣುಮುಚ್ಚಿ ರವಾನಿಸುವುದು ಖೇದಕರ.

ಇದಕ್ಕೊಂದು ಇನ್ನೊಂದು ಮುಖವೂ ಇದೆ. ಜಮಾಅತ್‌ನ ಲೆಕ್ಕಪತ್ರ ಕೇಳಿದ ಯುವಕನನ್ನು, ವರದಕ್ಷಿಣೆಯ ಮದುವೆಗೆ ಹೋಗುವ ಮುಖಂಡರನ್ನು ಪ್ರಶ್ನಿಸಿದವನನ್ನು ‘ಫಿತ್ನಾ’ ಎಂಬ ಹಣೆಪಟ್ಟಿ ಹಚ್ಚಿ ಗ್ರೂಪ್‌ನಿಂದ ಹೊರಹಾಕಲು ತಡವಾಗುವುದಿಲ್ಲ. ವದಂತಿ ಉಳಿಯುತ್ತದೆ, ಪ್ರಶ್ನೆ ಅಳಿಯುತ್ತದೆ! ಕಾಳು ಚೆಲ್ಲಿ ಹೊಟ್ಟು ಉಳಿಸಿಕೊಳ್ಳುವ ಈ ಜರಡಿಯಿಂದ ಸಮುದಾಯಕ್ಕೆ ಏನು ಲಾಭ?

ಸದಸ್ಯರು ಹಾಕಿದ ಸಂದೇಶಕ್ಕೆ ಗ್ರೂಪ್ ಅಡ್ಮಿನ್ ಹೊಣೆಯಲ್ಲವೆಂದು 2022ರಲ್ಲಿ ಕೇರಳ ಹೈಕೋರ್ಟು ಹೇಳಿದೆ. ಕಾನೂನಿನ ಹೊಣೆ ಇಲ್ಲದಿರಬಹುದು; ಅಲ್ಲಾಹನ ಮುಂದಿನ ಹೊಣೆ? ಆದ್ದರಿಂದ ಪ್ರತಿ ಜಮಾಅತ್ ಕೆಲವು ನಿಯಮಗಳನ್ನು ಬರೆದಿಡಲಿ. ಮೂಲ ತಿಳಿಸದ ಸುದ್ದಿಗೆ ಪ್ರವೇಶವಿಲ್ಲ. ಸುಳ್ಳೆಂದು ತಿಳಿದರೆ ಅದೇ ಗ್ರೂಪ್‌ನಲ್ಲಿ ತಿದ್ದುಪಡಿ. ಅನ್ಯ ಧರ್ಮೀಯರ ನಿಂದನೆಗೂ ಸ್ವಧರ್ಮೀಯರ ಮಾನಹಾನಿಗೂ ಒಂದೇ ದಂಡ. ಯಾರನ್ನಾದರೂ ಹೊರಗಿಡುವ ಮೊದಲು ಅವರ ಮಾತು ಕೇಳುವ ಮೂವರು, ಅವರಲ್ಲಿ ಓರ್ವ ಮಹಿಳೆ. ಖತೀಬರು ಒಂದು ಜುಮಾದ ಪ್ರವಚನವನ್ನು ಇದಕ್ಕಾಗಿ ಮೀಸಲಿಡಲಿ.

ಮುರ್ಕಿಯಲ್ಲಿ ಆ ಸಂದೇಶವನ್ನು ಒಬ್ಬನಾದರೂ ತಡೆದು, ‘ಇದು ನಿಜವೇ?’ ಎಂದು ಕೇಳಿದ್ದರೆ ಒಂದು ಜೀವ ಉಳಿಯುತ್ತಿತ್ತೇನೋ. ನಮ್ಮ ಬೆರಳ ತುದಿಯಲ್ಲಿರುವುದು ಅಂಥದೇ ಒಂದು ಅವಕಾಶ.